ಬ್ರಾಡ್‌ಕಾಸ್ಟ್ ಬಿರುಗಾಳಿ: ಸ್ವಿಚ್ ತಡೆದ ಮೇಲೆ ಹುಡುಕಬೇಕಾದುದು ಎಲ್ಲಿ?

ಸಣ್ಣ ಕೈಗಾರಿಕೆಗಳಲ್ಲಿಯೂ ಸಗಟು ಮಳಿಗೆಗಳಲ್ಲಿಯೂ ಗಣಕಜಾಲವು ಇಂದು ವಿದ್ಯುತ್ ಸಂಪರ್ಕದಷ್ಟೇ ಅನಿವಾರ್ಯವಾಗಿದೆ. ಬಿಲ್ಲಿಂಗ್, ದಾಸ್ತಾನು, ತೂಕದ ಯಂತ್ರ, ಹಾಜರಾತಿ ಯಂತ್ರ, ಕಾವಲು ಕ್ಯಾಮೆರಾ ಇವೆಲ್ಲವೂ ಒಂದೆರಡು ಸ್ವಿಚ್ಚುಗಳಿಗೆ ಬಂದು ಸೇರುತ್ತವೆ. ಆ ಜಾಲ ನಿಂತರೆ ಇ-ವೇ ಬಿಲ್ ಸಿದ್ಧವಾಗದೆ, ಸರಕು ತುಂಬಿದ ಲಾರಿ ಗೇಟಿನಲ್ಲಿಯೇ ನಿಲ್ಲಬೇಕಾಗುತ್ತದೆ. ಇಡೀ ಜಾಲವನ್ನು ಕೆಲವೇ ಸೆಕೆಂಡುಗಳಲ್ಲಿ ಸ್ತಬ್ಧಗೊಳಿಸಬಲ್ಲ ದೋಷಗಳಲ್ಲಿ ಬ್ರಾಡ್‌ಕಾಸ್ಟ್ ಬಿರುಗಾಳಿ ಮುಖ್ಯವಾದುದು. ಅದನ್ನು ತಡೆಯಲು ಸ್ವಿಚ್ಚಿನಲ್ಲಿ ಸ್ಟಾರ್ಮ್ ಕಂಟ್ರೋಲ್ ಎಂಬ ವ್ಯವಸ್ಥೆಯಿದೆ. ಹಲವರು ಅದನ್ನು ಅಳವಡಿಸಿಕೊಂಡಿರುತ್ತಾರೆ. ಆದರೆ ಅದು ಕಾರ್ಯಪ್ರವೃತ್ತವಾದಾಗ ಏನು ಮಾಡಬೇಕೆಂಬುದು ಬಹುಮಂದಿಗೆ ತಿಳಿದಿರುವುದಿಲ್ಲ.

ಬಿರುಗಾಳಿ ಏಳುವ ಬಗೆ

ಜಾಲದಲ್ಲಿರುವ ಪ್ರತಿಯೊಂದು ಗಣಕಯಂತ್ರವೂ ಆಗಾಗ್ಗೆ ಎಲ್ಲರಿಗೂ ಕೇಳುವಂತೆ ಡಂಗುರ ಸಾರಬೇಕಾಗುತ್ತದೆ. ಇಂಥ ವಿಳಾಸದ ಯಂತ್ರ ಯಾವುದು ಎಂದು ವಿಚಾರಿಸುವ ಎಆರ್‌ಪಿ, ತನಗೊಂದು ವಿಳಾಸ ಬೇಕೆಂದು ಕೇಳುವ ಡಿಹೆಚ್‌ಸಿಪಿ ಇವು ಬ್ರಾಡ್‌ಕಾಸ್ಟ್ ಸಂದೇಶಗಳು. ಸ್ವಿಚ್ ಇಂತಹ ಸಂದೇಶವನ್ನು ಬಂದ ಪೋರ್ಟೊಂದನ್ನು ಬಿಟ್ಟು ಉಳಿದೆಲ್ಲ ಪೋರ್ಟುಗಳಿಗೂ ಕಳುಹಿಸುತ್ತದೆ. ಎರಡು ಸ್ವಿಚ್ಚುಗಳ ನಡುವೆ ತಿಳಿಯದೆ ಎರಡು ಕೇಬಲ್ ಎಳೆದಿದ್ದರೆ, ಒಂದರಿಂದ ಹೋದ ಸಂದೇಶ ಮತ್ತೊಂದರಿಂದ ಹಿಂದಿರುಗುತ್ತದೆ. ಈಥರ್‌ನೆಟ್ ಫ್ರೇಮಿಗೆ ಆಯುಷ್ಯದ ಮಿತಿಯಿಲ್ಲ. ಆದಕಾರಣ ಅದು ತಾನಾಗಿ ಸಾಯುವುದಿಲ್ಲ, ಸುತ್ತುತ್ತಲೇ ಇರುತ್ತದೆ. 100 ಮೆಗಾಬಿಟ್ ವೇಗದ ಪೋರ್ಟಿನಲ್ಲಿ ಸೆಕೆಂಡಿಗೆ ಸುಮಾರು 1,48,800 ಕಿರು ಫ್ರೇಮುಗಳು ಹರಿಯಬಲ್ಲವು. ಒಂದು ಗಿಗಾಬಿಟ್ ಪೋರ್ಟಿನಲ್ಲಿ ಅದರ ಹತ್ತರಷ್ಟು. ಇದರ ನಡುವೆ ಬಿಲ್ಲಿಂಗ್ ಯಂತ್ರದ ಮಾತು ಸರ್ವರಿಗೆ ತಲುಪುವ ಸಂಭವ ಕಡಿಮೆ.

ಇಂತಹ ಸುತ್ತುಗಳನ್ನು ಕಂಡುಹಿಡಿದು ಒಂದು ದಾರಿಯನ್ನು ಮುಚ್ಚಿಡುವ ಸ್ಪ್ಯಾನಿಂಗ್ ಟ್ರೀ ವಿಧಾನವನ್ನು ರೇಡಿಯಾ ಪರ್ಲ್‌ಮನ್ ಅವರು 1985ರಲ್ಲಿ ರೂಪಿಸಿದರು. ಆದರೆ ಅದಕ್ಕೂ ಮಿತಿಗಳಿವೆ. 2002ರ ನವೆಂಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಜಾಲವು ಈ ವಿಧಾನಕ್ಕೆ ಶಿಫಾರಸು ಮಾಡಲಾದ ಏಳು ಸ್ವಿಚ್ಚುಗಳ ವ್ಯಾಪ್ತಿಯನ್ನು ಮೀರಿ ಬೆಳೆದಿದ್ದ ಕಾರಣ ಸುತ್ತುಗಳು ಉಂಟಾಗಿ, ಕೆಲವು ದಿನಗಳ ಕಾಲ ವೈದ್ಯರು ಕಾಗದದ ಚೀಟಿಗಳಿಗೇ ಮರಳಬೇಕಾಯಿತು. ಸಣ್ಣ ಘಟಕಗಳಲ್ಲಿ ಅಪಾಯ ಬೇರೆ ಬಗೆಯದು. ಮೇಜಿನ ಕೆಳಗೆ ಇಟ್ಟುಕೊಳ್ಳುವ ಐದು ಪೋರ್ಟಿನ ಅಗ್ಗದ ಸ್ವಿಚ್ಚಿನಲ್ಲಿ ಸ್ಪ್ಯಾನಿಂಗ್ ಟ್ರೀ ಇರುವುದೇ ಇಲ್ಲ. ಗುಡಿಸುವಾಗ ಕಳಚಿಬಿದ್ದ ಕೇಬಲನ್ನು ಯಾರೋ ಒಳ್ಳೆಯ ಮನಸ್ಸಿನಿಂದಲೇ ಅದೇ ಸ್ವಿಚ್ಚಿನ ಖಾಲಿ ರಂಧ್ರಕ್ಕೆ ಸಿಕ್ಕಿಸಿರುತ್ತಾರೆ. ಎರಡು ರಂಧ್ರಗಳಿರುವ ಐಪಿ ದೂರವಾಣಿಯ ಎರಡನ್ನೂ ಗೋಡೆಗೆ ಜೋಡಿಸಿದರೂ ಇದೇ ಫಲ.

ಸ್ಟಾರ್ಮ್ ಕಂಟ್ರೋಲ್ ಮಾಡುವುದೇನು?

ಪೋರ್ಟಿನ ಮೂಲಕ ಒಳಗೆ ಬರುವ ಬ್ರಾಡ್‌ಕಾಸ್ಟ್ ಪ್ರಮಾಣವನ್ನು ಸ್ವಿಚ್ ಎಡೆಬಿಡದೆ ಅಳೆಯುತ್ತದೆ. ನಿಗದಿಪಡಿಸಿದ ಮಿತಿ ಮೀರಿದೊಡನೆ ಹೆಚ್ಚಿನದನ್ನು ಬಿಸಾಡುತ್ತದೆ, ಇಲ್ಲವೆ ಸಂರಚನೆಗೆ ಅನುಗುಣವಾಗಿ ಪೋರ್ಟನ್ನೇ ಮುಚ್ಚುತ್ತದೆ. ಇದು ಫ್ಯೂಸ್ ಇದ್ದಂತೆ. ಫ್ಯೂಸ್ ಹಾರಿದಾಗ ಅದಕ್ಕೆ ದಪ್ಪ ತಂತಿ ಕಟ್ಟುವ ಅಭ್ಯಾಸ ಎಷ್ಟು ಅಪಾಯಕಾರಿಯೋ, ಎಚ್ಚರಿಕೆ ಬಂದಾಗಲೆಲ್ಲ ಮಿತಿಯನ್ನು ಏರಿಸುತ್ತ ಹೋಗುವ ಅಭ್ಯಾಸವೂ ಅಷ್ಟೇ ಅಪಾಯಕಾರಿ. ದುರದೃಷ್ಟವಶಾತ್ ನಿರ್ವಹಣಾ ಗುತ್ತಿಗೆದಾರರಲ್ಲಿ ಕೆಲವರು ಮೊದಲು ಮಾಡುವ ಕೆಲಸ ಅದೇ.

ದೋಷದ ಮೂಲವನ್ನು ಪತ್ತೆ ಹಚ್ಚುವುದು

ದೂರು ಬಂದೊಡನೆ ಮುಖ್ಯ ಸ್ವಿಚ್ಚನ್ನು ಆರಿಸಿ ಮತ್ತೆ ಚಾಲೂ ಮಾಡುವುದು ಸಾಮಾನ್ಯ ರೂಢಿ. ಇದರಿಂದ ಸ್ವಲ್ಪ ಹೊತ್ತು ಸರಿಹೋದಂತೆ ಕಂಡರೂ, ಕೇಬಲ್ಲಿನ ಸುತ್ತು ಹಾಗೆಯೇ ಉಳಿದಿರುವುದರಿಂದ ತೊಂದರೆ ಮರುಕಳಿಸುತ್ತದೆ. ಮೇಲಾಗಿ, ಎಷ್ಟೋ ಸ್ವಿಚ್ಚುಗಳಲ್ಲಿ ಘಟನೆಗಳ ದಾಖಲೆಯು ವಿದ್ಯುತ್ ಹೋದರೆ ಅಳಿಸಿಹೋಗುತ್ತದೆ. ಅಪರಾಧ ನಡೆದ ಸ್ಥಳವನ್ನು ತೊಳೆದಂತಾಗುತ್ತದೆ.

ಬಿರುಗಾಳಿಯ ವೇಳೆ ಜಾಲದ ಮೂಲಕ ಸ್ವಿಚ್ಚಿನೊಳಗೆ ಪ್ರವೇಶಿಸಲು ಸಾಧ್ಯವಾಗದಿರಬಹುದು. ಆದ್ದರಿಂದ ಕನ್ಸೋಲ್ ಕೇಬಲ್ ಕೈಗೆ ಸಿಗುವಂತಿರಬೇಕು. ಒಳಹೊಕ್ಕ ಮೇಲೆ ನೋಡಬೇಕಾದುದು ಪ್ರತಿ ಪೋರ್ಟಿನ ಬ್ರಾಡ್‌ಕಾಸ್ಟ್ ಎಣಿಕೆ. ಇಲ್ಲಿ ಒಂದು ಅಂಶ ಅತಿ ಮುಖ್ಯ: ಒಳಬರುವ ಎಣಿಕೆ ಬೇರೆ, ಹೊರಹೋಗುವ ಎಣಿಕೆ ಬೇರೆ. ಬಿರುಗಾಳಿಯಲ್ಲಿ ಎಲ್ಲ ಪೋರ್ಟುಗಳ ಹೊರಹೋಗುವ ಎಣಿಕೆಯೂ ಏರುತ್ತದೆ, ಎಲ್ಲ ದೀಪಗಳೂ ಒಟ್ಟಿಗೆ ಮಿನುಗುತ್ತವೆ. ಅದರಿಂದ ಏನೂ ತಿಳಿಯದು. ಯಾವ ಪೋರ್ಟಿನಲ್ಲಿ ಒಳಬರುವ ಎಣಿಕೆ ಕ್ಷಣಕ್ಷಣಕ್ಕೂ ನೆಗೆಯುತ್ತಿದೆಯೋ ಅದೇ ಬಿರುಗಾಳಿಯ ಬಾಗಿಲು. ಆ ಪೋರ್ಟು ಮತ್ತೊಂದು ಸ್ವಿಚ್ಚಿಗೆ ಹೋಗುತ್ತಿದ್ದರೆ, ಆ ಸ್ವಿಚ್ಚಿನ ಬಳಿಗೆ ಹೋಗಿ ಇದೇ ಪರೀಕ್ಷೆಯನ್ನು ಪುನರಾವರ್ತಿಸಬೇಕು. ಎರಡು ಪೋರ್ಟುಗಳಲ್ಲಿ ಒಟ್ಟಿಗೆ ನೆಗೆಯುತ್ತಿದ್ದರೆ ಅವೆರಡರ ನಡುವೆ ಸುತ್ತು ಇರುವ ಸಂಭವ ಹೆಚ್ಚು. ಒಂದೇ ಯಂತ್ರ ಯಂತ್ರದ ವಿಳಾಸ ಎರಡು ಪೋರ್ಟುಗಳ ನಡುವೆ ಅಲೆದಾಡುತ್ತಿದೆ ಎಂಬ ಸಂದೇಶ ದಾಖಲೆಯಲ್ಲಿದ್ದರೆ ಅದು ಈ ಸಂಶಯವನ್ನು ದೃಢಪಡಿಸುತ್ತದೆ. ಒಂದೇ ಗಣಕಯಂತ್ರವಿರುವ ಪೋರ್ಟಿನಿಂದ ಬಿರುಗಾಳಿ ಬರುತ್ತಿದ್ದು, ಆ ಯಂತ್ರವನ್ನು ಆರಿಸಿದೊಡನೆ ನಿಂತರೆ, ಸುತ್ತನ್ನು ಹುಡುಕುವ ಅಗತ್ಯವಿಲ್ಲ. ಕೆಟ್ಟ ನೆಟ್‌ವರ್ಕ್ ಕಾರ್ಡನ್ನೋ ವೈರಸ್ಸನ್ನೋ ಶಂಕಿಸಬೇಕು.

ಎಣಿಕೆ ತೋರಿಸದ ಸಾಧಾರಣ ಸ್ವಿಚ್ಚುಗಳಿದ್ದಲ್ಲಿ ಕೈಯೇ ಸಾಧನ. ಮೊದಲು ಇತರ ಸ್ವಿಚ್ಚುಗಳಿಗೆ ಹೋಗುವ ಕೇಬಲುಗಳನ್ನು ಒಂದೊಂದಾಗಿ ಕಳಚಬೇಕು. ಯಾವುದನ್ನು ಕಳಚಿದಾಗ ದೀಪಗಳು ಶಾಂತವಾಗುತ್ತವೆಯೋ ಆ ಶಾಖೆಯಲ್ಲಿ ದೋಷವಿದೆ. ಯಾವ ಕೇಬಲ್ ಯಾವ ಕೋಣೆಗೆ ಹೋಗುತ್ತದೆ ಎಂಬ ಚೀಟಿ ಅಂಟಿಸಿದ್ದರೆ ಇದು ಹತ್ತು ನಿಮಿಷದ ಕೆಲಸ. ಇಲ್ಲದಿದ್ದರೆ ಅರ್ಧ ದಿನ ಹಿಡಿಯುತ್ತದೆ.

ಬಿರುಗಾಳಿಯಿಲ್ಲದೆ ಎಚ್ಚರಿಕೆ ಬಂದರೆ

ಮಿತಿಯೇ ತಪ್ಪಾಗಿರುವ ಪ್ರಸಂಗಗಳೂ ಇವೆ. ಮಿತಿ ತೀರ ಕಡಿಮೆಯಿದ್ದರೆ ಸ್ವಿಚ್ ನ್ಯಾಯವಾದ ಎಆರ್‌ಪಿ, ಡಿಹೆಚ್‌ಸಿಪಿ ಸಂದೇಶಗಳನ್ನೂ ಬಿಸಾಡುತ್ತದೆ. ಇದರ ಲಕ್ಷಣ ವಿಶಿಷ್ಟವಾದುದು: ಮೊದಲೇ ಚಾಲೂ ಇದ್ದ ಗಣಕಗಳು ಕೆಲಕಾಲ ಕೆಲಸ ಮಾಡುತ್ತಿರುತ್ತವೆ, ಹೊಸದಾಗಿ ಚಾಲೂ ಮಾಡಿದವುಗಳಿಗೆ ವಿಳಾಸ ದೊರೆಯುವುದಿಲ್ಲ. ಮಿತಿಯನ್ನು ಶೇಕಡಾವಾರಿನಲ್ಲಿ ಕೊಟ್ಟಿದ್ದರೆ ಪೋರ್ಟಿನ ವೇಗವನ್ನೂ ನೋಡಬೇಕು, ಶೇ. 1 ಎಂದರೆ ಗಿಗಾಬಿಟ್ ಪೋರ್ಟಿನಲ್ಲಿ 10 ಮೆಗಾಬಿಟ್, 100 ಮೆಗಾಬಿಟ್ ಪೋರ್ಟಿನಲ್ಲಿ ಕೇವಲ 1 ಮೆಗಾಬಿಟ್. ಮಲ್ಟಿಕಾಸ್ಟ್ ಸಂದೇಶಗಳಿಗೂ ಮಿತಿ ಹಾಕಿ, ಆ ಬಗೆಯಲ್ಲಿಯೇ ಚಿತ್ರ ಕಳುಹಿಸುವ ಕ್ಯಾಮೆರಾಗಳನ್ನು ಜೋಡಿಸಿದರೆ ಚಿತ್ರ ಕಡಿದು ಕಡಿದು ಬರುತ್ತದೆ. ಆಗ ಕ್ಯಾಮೆರಾ ಮಾರಿದವನನ್ನು ದೂರುವುದರಲ್ಲಿ ಅರ್ಥವಿಲ್ಲ.

ಸರಿಯಾದ ಮಿತಿಯನ್ನು ಪುಸ್ತಕದಿಂದ ತೆಗೆಯಲಾಗದು, ಅಳೆದೇ ತಿಳಿಯಬೇಕು. ಬೆಳಿಗ್ಗೆ ಎಲ್ಲ ಗಣಕಗಳೂ ಒಮ್ಮೆಗೇ ಚಾಲೂ ಆಗುವ ಹೊತ್ತೂ ಸೇರಿದಂತೆ ಒಂದು ವಾರದ ಎಣಿಕೆಯನ್ನು ಬರೆದಿಟ್ಟು, ಅತಿ ಹೆಚ್ಚಿನ ಪ್ರಮಾಣಕ್ಕಿಂತ ಹಲವು ಪಟ್ಟು ಮೇಲೆ ಮಿತಿಯನ್ನು ಇಡುವುದು ಯುಕ್ತ. ಬಿರುಗಾಳಿಯ ಪ್ರಮಾಣ ಸಾವಿರಾರು ಪಟ್ಟು ಇರುವುದರಿಂದ ಅದು ಹೇಗೂ ಸಿಕ್ಕಿಬೀಳುತ್ತದೆ.

ಪೋರ್ಟನ್ನು ಮುಚ್ಚುವ ಆದೇಶವನ್ನು ಗಣಕ, ಮುದ್ರಣಯಂತ್ರ, ಮೇಜಿನ ಸ್ವಿಚ್ ಇರುವ ಪೋರ್ಟುಗಳಿಗೆ ಮಾತ್ರ ಕೊಡಬೇಕು. ಸ್ವಿಚ್ಚುಗಳನ್ನು ಪರಸ್ಪರ ಬೆಸೆಯುವ ಪೋರ್ಟಿಗೆ ಕೊಟ್ಟರೆ ಒಂದು ಮೇಜಿನ ತಪ್ಪಿಗೆ ಇಡೀ ಗೋದಾಮು ಕತ್ತಲಾಗುತ್ತದೆ. ಅಲ್ಲಿ ಬಿಸಾಡುವ ಆದೇಶವೇ ಸಾಕು. ಮುಚ್ಚಿದ ಪೋರ್ಟು ತಾನಾಗಿ ತೆರೆದುಕೊಳ್ಳುವಂತೆಯೂ ಮಾಡಬಹುದು. ಸಿಸ್ಕೋ ಸ್ವಿಚ್ಚುಗಳಲ್ಲಿ, ಈ ಸೌಲಭ್ಯವನ್ನು ಚಾಲೂ ಮಾಡಿದ್ದಲ್ಲಿ, ಬದಲಿಸದ ಹೊರತು ಅದರ ಅವಧಿ 300 ಸೆಕೆಂಡು. ಸುತ್ತು ಹಾಗೆಯೇ ಇದ್ದರೆ ಐದು ನಿಮಿಷಕ್ಕೊಮ್ಮೆ ಜಾಲ ತಡವರಿಸುತ್ತದೆ. ನಿಯತಕಾಲಕ್ಕೆ ಮರುಕಳಿಸುವ ಇಂತಹ ದೂರು ಬಂದಾಗ ಮೊದಲು ನೋಡಬೇಕಾದುದು ಇದನ್ನೇ.