ಹಲಗೆ ನೆಲವನ್ನು ಸವರಬೇಕು

ಬೆಳಕವಾಡಿ, ಮಳವಳ್ಳಿ ತಾಲ್ಲೂಕು

ಚಿರಂಜೀವಿ ಮೊಮ್ಮಗನಿಗೆ ನಿನ್ನ ತಾತ ಮಾಡುವ ಆಶೀರ್ವಾದಗಳು.

ಕೆನಡಾದ ಮ್ಯಾನಿಟೋಬದಲ್ಲಿ ನೀನು ಕೆಲಸ ಮಾಡುವ ಡೈರಿಯ ಅಂಗಳದಲ್ಲಿ ಹಿಮ ತಳ್ಳಲು, ಲೋಡರ್ ಬಕೆಟ್ಟಿಗೆ ಸಿಕ್ಕಿಸುವ ದೊಡ್ಡ ಹಲಗೆಯೊಂದನ್ನು ನೀನೇ ವೆಲ್ಡಿಂಗ್ ಮಾಡಲು ಹೊರಟಿದ್ದೀಯಂತೆ. ನಿನ್ನ ನಕ್ಷೆ ನೋಡಿ ಎದೆ ತುಂಬಿ ಬಂತು ಕಣಪ್ಪ.

ನಾನು ಹಿಮ ಕಂಡವನಲ್ಲ, ಕೆಸರು ಕಂಡವನು. ನಾಟಿಗೆ ಮುಂಚೆ ಗದ್ದೆ ಮಟ್ಟ ಮಾಡುವಾಗ ನಮ್ಮಪ್ಪ ಎತ್ತು ಹೊಡೆಯುತ್ತಿದ್ದರು, ನಾನು ಹಲಗೆಯ ಮೇಲೆ ನಿಲ್ಲುತ್ತಿದ್ದೆ. ಮುಂದಕ್ಕೆ ಬಾಗಿದರೆ ಹಲಗೆ ಮಣ್ಣು ಕಚ್ಚಿ ನಿಂತುಬಿಡುತ್ತಿತ್ತು. ಒಮ್ಮೆ ಕೆಸರಿನೊಳಗಿನ ಕಲ್ಲಿಗೆ ಬಡಿದು ಹಲಗೆ ಮಗುಚಿತು, ನಾನು ಮೂತಿ ಅಡಿಯಾಗಿ ಬಿದ್ದೆ. "ಹಲಗೆ ನೆಲ ಸವರಬೇಕು, ಅಗೆಯಬಾರದು" ಎಂದರು ಅಪ್ಪ. ನಿನ್ನ ಹಲಗೆಗೂ ನನಗೆ ಗೊತ್ತಿರುವುದು ಅಷ್ಟೇ.

ಹಿಮ ಪಕ್ಕಕ್ಕೆ ಚೆಲ್ಲದಂತೆ ಎರಡು ತುದಿಗೂ ತಗಡು ನಿಲ್ಲಿಸಿದ್ದೀಯ, ಸರಿ. ಆ ತಗಡುಗಳ ಅಡಿಗೆ ಅರ್ಧ ಇಂಚು ದಪ್ಪದ ಪಟ್ಟಿ ಹಾಕು, ಅದರ ಮುಂತುದಿ ಮೇಲಕ್ಕೆ ಬಾಗಿರಲಿ. ಭಾರವೆಲ್ಲ ಅದರ ಮೇಲೆ ಕೂತು ಜಾರಿಕೊಂಡು ಹೋಗಲಿ. ಕೆಳ ಅಂಚಿಗೆ ಕಬ್ಬಿಣದ ಬದಲು ರಬ್ಬರು ಕೊಡು. ಹಳೆಯ ಕನ್ವೇಯರ್ ಬೆಲ್ಟಿನ ತುಂಡು ಸಾಕು. ಹಿಮದಡಿಯ ಮ್ಯಾನ್‌ಹೋಲ್ ಮುಚ್ಚಳ ತಗುಲಿದರೆ ರಬ್ಬರು ಬಾಗುತ್ತದೆ, ಕಬ್ಬಿಣ ಬಾಗುವುದಿಲ್ಲ. ಪಟ್ಟಿ, ರಬ್ಬರು ಎರಡನ್ನೂ ವೆಲ್ಡ್ ಮಾಡಬೇಡ, ಬೋಲ್ಟು ಹಾಕು. ಎಷ್ಟು ದೊಡ್ಡ ಯಂತ್ರವಾದರೂ, ನಮ್ಮ ನೇಗಿಲಾದರೂ, ಸವೆಯುವ ಭಾಗವನ್ನು ಕಳಚಿ ಹೊಸದು ಹಾಕಲು ಬಂದರೇನೇ ಬಾಳುವುದು.

ತಳ್ಳುವ ಒತ್ತಡವನ್ನು ಬಕೆಟ್ಟಿನ ತುಟಿ ನೇರವಾಗಿ ಹಲಗೆಯ ಬೆನ್ನಿಗೆ ಕೊಡಬೇಕು. ಆ ತುಟಿ ಕೂರಲು ಬೆನ್ನಿಗೆ ಗಟ್ಟಿ ಆಂಗಲ್ ಹಾಕು. ಹಲಗೆಯನ್ನು ಬಕೆಟ್ಟಿಗೆ ಕಟ್ಟುವ ಸರಪಳಿ ಇರುವುದು ಎತ್ತುವಾಗ, ಹಿಂದಕ್ಕೆ ಬರುವಾಗ ಹಿಡಿದುಕೊಳ್ಳಲು; ತಳ್ಳುವ ಭಾರ ಅದರ ಮೇಲೆ ಬೀಳಬಾರದು.

ಇನ್ನು ಅಗಲ. ಎಂಟು ಅಡಿ ಅಗಲ, ಮೂರಡಿ ಎತ್ತರ, ಮೂರಡಿ ಆಳ ಪೂರ್ತಿ ತುಂಬಿದರೆ ಸುಮಾರು ಎರಡು ಘನ ಮೀಟರು. ಹೊಸ ಹಿಮ ಘನ ಮೀಟರಿಗೆ 100 ಕಿಲೋ ಎಂದುಕೊಂಡರೆ ಎರಡು ಕ್ವಿಂಟಾಲು. ಅದೇ ನೀರು ಕುಡಿದು ಕೂತ ಹಿಮ 400 ಕಿಲೋ ತೂಗಿದರೆ ಎಂಟು ಕ್ವಿಂಟಾಲು! ಆದ್ದರಿಂದ ನೀನಂದುಕೊಂಡ ಹತ್ತಡಿ ಅಗಲದ ಆಸೆ ಬಿಡು. ನಿನ್ನ ಲೋಡರಿನ ಶಕ್ತಿ ಎಷ್ಟೋ ಹಲಗೆ ಅಷ್ಟಿರಲಿ.

ಕೊರೆಯುವ ಚಳಿಯಲ್ಲಿ ದಪ್ಪ ಕಬ್ಬಿಣಕ್ಕೆ ಹಾಗೇ ವೆಲ್ಡ್ ಮಾಡಿದರೆ ಬಿರುಕು ಬಿಡುತ್ತದೆ. ಮೊದಲು ಬಿಸಿ ಮಾಡಿಕೋ. ಮೇಲೆತ್ತಿದ ಬಕೆಟ್ಟಿನ ಕೆಳಗೆ ಮಾತ್ರ ಒಂದು ಕ್ಷಣವೂ ಕೈ ಇಡಬೇಡ. ಹಿಮ ನಾಳೆ ತಳ್ಳಿದರೂ ಆಗುತ್ತದೆ, ನಿನ್ನ ಕೈ ಮತ್ತೆ ಬರುವುದಿಲ್ಲ ಮಗ.

ನಮ್ಮಪ್ಪನ ಹಲಗೆ ಇನ್ನೂ ಅಟ್ಟದ ಮೇಲಿದೆ. ನಿನ್ನ ಕಾಗದ ಬಂದ ದಿನ ಇಳಿಸಿ, ಅಡಿಭಾಗ ತಡವಿ ನೋಡಿದೆ. ನಡುವೆ ಅಷ್ಟಾಗಿ ಸವೆದಿಲ್ಲ, ಎರಡು ತುದಿ ನುಣ್ಣಗಾಗಿವೆ. ಪಟ್ಟಿ ತುದಿಗೇ ಹಾಕು ಎಂದದ್ದು ಅದನ್ನು ನೋಡಿಯೇ. ಊರಿಗೆ ಬಂದಾಗ ನೀನೂ ಒಮ್ಮೆ ತಡವಿ ನೋಡುವೆಯಂತೆ.

ಇಂತು ನಿನ್ನ ಒಳಿತನ್ನೇ ಬಯಸುವ
ತಾತ