ಕುಟುಂಬದ ಕಾರು: ಪೆಟ್ರೋಲೋ, ಡೀಸೆಲೋ?

ಮನೆಯೊಂದನ್ನು ಬಿಟ್ಟರೆ ಮಧ್ಯಮ ವರ್ಗದ ಕುಟುಂಬವು ತನ್ನ ಉಳಿತಾಯದಿಂದ ಮಾಡುವ ಅತಿ ದೊಡ್ಡ ಖರೀದಿ ಪ್ರಾಯಶಃ ಕಾರಿನದು. ಉದ್ಯೋಗ ನಿಮಿತ್ತ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಅದು ವರ್ಷಕ್ಕೆ ಒಂದೆರಡು ಬಾರಿ ಊರಿಗೆ ಹೋಗಿಬರುವ ಸಾಧನವೂ ಹೌದು. ಖರೀದಿಯ ಮಾತು ಬಂದೊಡನೆ ಬಂಧುಮಿತ್ರರಲ್ಲಿ ಒಬ್ಬರಾದರೂ “ಡೀಸೆಲ್ ಗಾಡಿಯನ್ನೇ ಕೊಳ್ಳಿ, ಉಳಿತಾಯವಾಗುತ್ತದೆ” ಎಂದು ಸಲಹೆ ನೀಡುವುದುಂಟು. ಒಂದು ಕಾಲಕ್ಕೆ ಈ ಸಲಹೆ ಬಹುಮಟ್ಟಿಗೆ ನಿಜವಾಗಿತ್ತು. ಅದು ಇಂದು ಯಾರ ಪಾಲಿಗೆ ನಿಜ, ಯಾರ ಪಾಲಿಗೆ ನಷ್ಟದ ಬಾಬು ಎಂಬುದನ್ನು ಹಣ ತೆರುವ ಮುನ್ನವೇ ತಿಳಿದುಕೊಳ್ಳುವುದು ಲೇಸು.

ಎಂಜಿನ್‌ಗಳ ಭೇದ

ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಗಾಳಿ ಮತ್ತು ಇಂಧನಗಳ ಮಿಶ್ರಣವನ್ನು ಸುಮಾರು ಹತ್ತು ಪಟ್ಟು ಒತ್ತಿ, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿಸಲಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಅಲ್ಲಿ ಬರಿಯ ಗಾಳಿಯನ್ನೇ ಹದಿನೈದು, ಹದಿನಾರು ಪಟ್ಟು ಅಥವಾ ಅದಕ್ಕೂ ಹೆಚ್ಚು ಒತ್ತಲಾಗಿ, ಅದು ಕಾದು ಕೆಂಡದಂತಾಗುತ್ತದೆ. ಆಗ ಸಿಂಪಡಿಸಿದ ಇಂಧನ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೆಚ್ಚು ಒತ್ತಡದಿಂದಾಗಿ ಇಂಧನದ ಶಕ್ತಿಯ ಹೆಚ್ಚಿನ ಭಾಗ ಕೆಲಸಕ್ಕೆ ಬರುತ್ತದೆ. ಸಾಲದುದಕ್ಕೆ ಒಂದು ಲೀಟರ್ ಡೀಸೆಲಿನಲ್ಲಿ ಅಷ್ಟೇ ಪೆಟ್ರೋಲಿಗಿಂತ ಸುಮಾರು ಹತ್ತರಲ್ಲೊಂದು ಪಾಲು ಅಧಿಕ ಶಕ್ತಿ ಅಡಗಿದೆ. ಲೀಟರಿಗೆ ಹೆಚ್ಚು ದೂರ, ಐದು ಜನ ಕುಳಿತು ಸಾಮಾನು ತುಂಬಿದಾಗಲೂ ಘಾಟಿ ಏರುವಲ್ಲಿ ಸುಲಭವಾದ ಎಳೆತ, ಇವು ಡೀಸೆಲಿನ ನಿಜವಾದ ಗುಣಗಳು. ಆದರೆ ಅಷ್ಟು ಒತ್ತಡವನ್ನು ತಾಳಬೇಕಾದ ಎಂಜಿನ್ನು ಗಟ್ಟಿಯಾಗಿರಬೇಕು, ಇಂಧನ ಸಿಂಪಡಿಸುವ ಸಲಕರಣೆ ಸೂಕ್ಷ್ಮವಾಗಿರಬೇಕು. ಆದುದರಿಂದ ಡೀಸೆಲ್ ಕಾರಿನ ಬೆಲೆಯೂ, ಕೆಟ್ಟಾಗ ರಿಪೇರಿಯ ಖರ್ಚೂ ಹೆಚ್ಚು.

ದರದ ಅಂತರ

ಡೀಸೆಲ್ ಅಗ್ಗವೆಂಬ ನಂಬಿಕೆಗೆ ಎಂಜಿನ್ನಿಗಿಂತಲೂ ಸರ್ಕಾರದ ದರ ನೀತಿಯೇ ಮುಖ್ಯ ಕಾರಣವಾಗಿತ್ತು. ಲಾರಿ, ಬಸ್ಸು, ನೀರೆತ್ತುವ ಪಂಪುಗಳ ಇಂಧನವೆಂಬ ಕಾರಣದಿಂದ ಡೀಸೆಲಿನ ದರವನ್ನು ದೀರ್ಘಕಾಲ ಕೆಳಮಟ್ಟದಲ್ಲಿ ಇರಿಸಲಾಗಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲ್ ದರವನ್ನು ನಿಯಂತ್ರಣಮುಕ್ತಗೊಳಿಸಿದಾಗಲೂ ಡೀಸೆಲ್ ನಿಯಂತ್ರಣದಲ್ಲಿಯೇ ಉಳಿಯಿತು. ತತ್ಪರಿಣಾಮವಾಗಿ 2012ರ ಮೇ ತಿಂಗಳಿನಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73.18 ರೂಪಾಯಿಗೆ ಏರಿದಾಗ ಡೀಸೆಲ್ 40.91 ರೂಪಾಯಿ ಇದ್ದಿತು. ಅಂತರ 32 ರೂಪಾಯಿಗೂ ಮಿಗಿಲು! ಆ ವರ್ಷಗಳಲ್ಲಿ ಜನ ಡೀಸೆಲ್ ಕಾರುಗಳಿಗೆ ಮುಗಿಬಿದ್ದುದರಲ್ಲಿ ಆಶ್ಚರ್ಯವಿಲ್ಲ. ರೈತನಿಗೂ ಲಾರಿಗೂ ಉದ್ದೇಶಿಸಿದ್ದ ಅಗ್ಗದ ಇಂಧನ ದುಬಾರಿ ಕಾರುಗಳ ಟ್ಯಾಂಕು ಸೇರಿತೆಂಬ ಟೀಕೆಯೂ ನ್ಯಾಯವಾದುದೇ.

2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರವೂ ನಿಯಂತ್ರಣದಿಂದ ಮುಕ್ತವಾಯಿತು. ಅಂತರ ಕರಗುತ್ತ ಬಂದಿತು. 2024ರ ಮಾರ್ಚ್‌ನಲ್ಲಿ ಎರಡೂ ಇಂಧನಗಳ ದರವನ್ನು ಎರಡು ರೂಪಾಯಿಗಳಷ್ಟು ಇಳಿಸಿದ ತರುವಾಯ ದೆಹಲಿಯಲ್ಲಿ ಪೆಟ್ರೋಲ್ 94.72, ಡೀಸೆಲ್ 87.62 ರೂಪಾಯಿಗೆ ನಿಂತವು. ಮುಂಬಯಿಯಲ್ಲಿ ಅವೇ ದಿನಗಳ ದರ 104.21 ಮತ್ತು 92.15. ಅಂದರೆ ದೆಹಲಿಯಲ್ಲಿ ಅಂತರ ಏಳು ರೂಪಾಯಿ, ಮುಂಬಯಿಯಲ್ಲಿ ಹನ್ನೆರಡು. ರಾಜ್ಯಗಳು ವಿಧಿಸುವ ಮಾರಾಟ ತೆರಿಗೆ ಬೇರೆ ಬೇರೆಯಾಗಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ಆದುದರಿಂದ ಒಂದು ನಗರದ ಲೆಕ್ಕವನ್ನು ಇನ್ನೊಂದು ನಗರಕ್ಕೆ ಅನ್ವಯಿಸಲಾಗದು.

ಒಂದು ಕುಟುಂಬದ ಲೆಕ್ಕ

ಮುಂಬಯಿಯ ಉಪನಗರವೊಂದರಲ್ಲಿ ವಾಸವಾಗಿರುವ, ಧಾರವಾಡದ ಕಡೆಯ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಯಜಮಾನರು ಕಚೇರಿಗೆ ಲೋಕಲ್ ರೈಲಿನಲ್ಲಿ ಹೋಗುತ್ತಾರೆ. ಕಾರು ದಿನಕ್ಕೆ ಎಂಟು ಕಿಲೋಮೀಟರ್, ಶಾಲೆ, ಮಾರುಕಟ್ಟೆ, ರೈಲು ನಿಲ್ದಾಣಗಳ ನಡುವೆ ಓಡುತ್ತದೆ. ವರ್ಷಕ್ಕೆ ಎರಡು ಬಾರಿ, ಬೇಸಿಗೆ ರಜೆಗೂ ದೀಪಾವಳಿಗೂ, ಧಾರವಾಡಕ್ಕೆ ಪಯಣ. ಒಮ್ಮುಖವಾಗಿ ಸುಮಾರು 550 ಕಿಲೋಮೀಟರ್. ಮದುವೆ ಮುಂಜಿಗಳ ಓಡಾಟವನ್ನೂ ಸೇರಿಸಿದರೆ ವರ್ಷದ ಒಟ್ಟು ಓಟ 6,000 ಕಿಲೋಮೀಟರ್ ಆದೀತು.

ಒಂದೇ ಮಾದರಿಯ ಕಾರಿನಲ್ಲಿ ಡೀಸೆಲ್ ಗಾಡಿಗೆ, ರಸ್ತೆ ತೆರಿಗೆಯೂ ಸೇರಿ, ಒಂದೂವರೆ ಲಕ್ಷ ರೂಪಾಯಿ ಹೆಚ್ಚು ತೆರಬೇಕೆಂದು ಇಟ್ಟುಕೊಳ್ಳೋಣ. (ಮಹಾರಾಷ್ಟ್ರ, ದೆಹಲಿಗಳಲ್ಲಿ ಡೀಸೆಲ್ ಕಾರಿಗೆ ರಸ್ತೆ ತೆರಿಗೆಯ ದರವೇ ಅಧಿಕವೆಂಬುದನ್ನು ಅನೇಕರು ಮರೆಯುತ್ತಾರೆ.) ನಿಜವಾದ ಓಡಾಟದಲ್ಲಿ ಪೆಟ್ರೋಲ್ ಕಾರು ಲೀಟರಿಗೆ 16, ಡೀಸೆಲ್ ಕಾರು 20 ಕಿಲೋಮೀಟರ್ ಓಡಲಿ. ಇಲ್ಲಿ ಕಂಪನಿಯ ಜಾಹೀರಾತಿನ ಮೈಲೇಜನ್ನು ಹಿಡಿಯಬಾರದು. ಅದು ಪ್ರಯೋಗಶಾಲೆಯ ಅಂಕೆಯೇ ಹೊರತು ಠಾಣೆಯ ಸಿಗ್ನಲ್ಲುಗಳ ಅಂಕೆಯಲ್ಲ.

ಮೇಲೆ ಕಾಣಿಸಿದ ಮುಂಬಯಿ ದರದಂತೆ ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ 6.51 ರೂಪಾಯಿ, ಡೀಸೆಲ್ ಕಾರಿಗೆ 4.61 ರೂಪಾಯಿ ತಗಲುತ್ತದೆ. ಉಳಿತಾಯ 1.90 ರೂಪಾಯಿ. ಒಂದೂವರೆ ಲಕ್ಷವನ್ನು ಈ ಉಳಿತಾಯದಿಂದ ಭಾಗಿಸಿದರೆ ಸುಮಾರು 79,000 ಕಿಲೋಮೀಟರ್ ಬರುತ್ತದೆ. ವರ್ಷಕ್ಕೆ 6,000 ಕಿಲೋಮೀಟರ್ ಓಡುವ ಈ ಕುಟುಂಬಕ್ಕೆ ತಾನು ಹೆಚ್ಚಾಗಿ ತೆತ್ತ ಹಣ ಹಿಂದಿರುಗಲು ಹದಿಮೂರು ವರ್ಷ ಬೇಕು. ಅದೂ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯದೆ. ಅದೇ ಒಂದೂವರೆ ಲಕ್ಷವನ್ನು ಶೇಕಡಾ 7ರ ಬಡ್ಡಿಗೆ ಇರಿಸಿದರೆ ವರ್ಷಕ್ಕೆ 10,500 ರೂಪಾಯಿ ದೊರೆಯುತ್ತದೆ. ಡೀಸೆಲಿನಿಂದಾಗುವ ವಾರ್ಷಿಕ ಉಳಿತಾಯ 11,400. ಒಂದು ಸರ್ವಿಸಿನ ಖರ್ಚಿನ ವ್ಯತ್ಯಾಸದಲ್ಲಿಯೇ ಈ 900 ರೂಪಾಯಿ ಕರಗಿಹೋಗಬಹುದು. ದೆಹಲಿಯ ದರದಲ್ಲಂತೂ ಕಿಲೋಮೀಟರಿನ ಉಳಿತಾಯ 1.54 ರೂಪಾಯಿ, ವರ್ಷಕ್ಕೆ 9,240. ಅದು ಬಡ್ಡಿಯನ್ನೂ ಮುಟ್ಟುವುದಿಲ್ಲ.

ಆದರೆ ವ್ಯಾಪಾರದ ನಿಮಿತ್ತ ವರ್ಷಕ್ಕೆ 20,000 ಕಿಲೋಮೀಟರ್ ಹೆದ್ದಾರಿಯಲ್ಲಿ ಸಂಚರಿಸುವವರಿಗೆ ಮುಂಬಯಿ ದರದಲ್ಲಿ ಬಡ್ಡಿಯ ಹೊರತಾಗಿ ನಾಲ್ಕು ವರ್ಷಗಳಲ್ಲಿಯೇ ಹಣ ಹಿಂದಿರುಗುತ್ತದೆ. ಅಂಥವರಿಗೆ ಡೀಸೆಲ್ ಇಂದಿಗೂ ತಕ್ಕ ಆಯ್ಕೆಯೇ.

ಪೆಟ್ರೋಲಿನ ಮೈಲೇಜನ್ನು ಅಂದಾಜು ಮಾಡುವಾಗ ಇನ್ನೊಂದು ಸಂಗತಿಯನ್ನು ಗಮನಿಸತಕ್ಕದ್ದು. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಬಳಕೆಗೆ ಬಂದಿದ್ದು, ಎಥನಾಲಿನಲ್ಲಿ ಶಕ್ತಿಯ ಅಂಶ ಪೆಟ್ರೋಲಿನ ಸುಮಾರು ಮೂರನೆಯ ಎರಡರಷ್ಟು ಮಾತ್ರ. ಆದ್ದರಿಂದ ಹಿಂದಿನ ಕಾರಿನ ಹಳೆಯ ಅನುಭವವನ್ನೇ ನೆಚ್ಚದೆ ಒಂದೆರಡು ಅಂಕೆ ಕಡಿಮೆ ಹಿಡಿಯುವುದು ಕ್ಷೇಮ.

ಹೊಗೆಯ ಶೋಧಕ

2020ರ ಏಪ್ರಿಲ್ 1ರಿಂದ ದೇಶದಲ್ಲಿ ಭಾರತ್ ಸ್ಟೇಜ್ 6 ಮಾನಕ ಜಾರಿಗೆ ಬಂದಿತು. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿಯೇ ಘೋಷಿಸಿದ್ದಿತು. ಹೊಸ ಮಾನಕವನ್ನು ಪಾಲಿಸಲು ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿಯ ಕಣಗಳನ್ನು ಹಿಡಿದಿಡುವ ಶೋಧಕವನ್ನು ಅಳವಡಿಸಬೇಕಾಯಿತು. ಈ ಖರ್ಚಿನ ದೆಸೆಯಿಂದ ಮಾರುತಿ ಸುಜುಕಿಯಂಥ ದೊಡ್ಡ ಕಂಪನಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಚಿಕ್ಕ ಕಾರುಗಳಲ್ಲಿ ಡೀಸೆಲ್ ಬಹುಮಟ್ಟಿಗೆ ಮರೆಯಾಗಿದೆ.

ಈ ಶೋಧಕವು ಗೃಹಬಳಕೆಯ ಗ್ರಾಹಕರು ಅಗತ್ಯವಾಗಿ ತಿಳಿದಿರಬೇಕಾದ ಭಾಗ. ಒಲೆಯ ಚಿಮಣಿಯಲ್ಲಿ ಕಟ್ಟುವಂತೆ ಅದರಲ್ಲಿ ಮಸಿ ತುಂಬುತ್ತ ಹೋಗುತ್ತದೆ. ಅದು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಉರಿದು ಬೂದಿಯಾಗಬೇಕು. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವಾಗ ಈ ಕ್ರಿಯೆ ಚಾಲಕನಿಗೆ ತಿಳಿಯದಂತೆಯೇ ನಡೆದುಹೋಗುತ್ತದೆ. ಆದರೆ ಎರಡು ಕಿಲೋಮೀಟರ್ ಓಡಿ ನಿಂತು, ಪುನಃ ಎರಡು ಕಿಲೋಮೀಟರ್ ಓಡುವ ಕಾರಿನಲ್ಲಿ ಹೊಗೆ ಕೊಳವೆ ಅಷ್ಟು ಕಾಯುವುದೇ ಇಲ್ಲ. ಮಸಿ ಉಳಿಯುತ್ತದೆ, ಎಚ್ಚರಿಕೆಯ ದೀಪ ಹೊತ್ತುತ್ತದೆ, ಉರಿಸಲೆಂದು ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್ ಎಂಜಿನ್ ಆಯಿಲಿನಲ್ಲಿ ಬೆರೆತು ಅದನ್ನು ತೆಳುವಾಗಿಸುತ್ತದೆ. ದೀಪವನ್ನು ಅಲಕ್ಷಿಸಿದರೆ ಶೋಧಕವನ್ನೇ ಬದಲಿಸಬೇಕಾಗಿ ಬರಬಹುದು. ಆ ವೆಚ್ಚದ ಮುಂದೆ ಹಲವು ವರ್ಷಗಳ ಉಳಿತಾಯ ನಿಲ್ಲದು. ಹೀಗಾಗಿ ವಾರ್ಷಿಕ ಓಟ ಎಷ್ಟು ಎಂಬುದರಷ್ಟೇ ಅದು ಯಾವ ಬಗೆಯ ಓಟ ಎಂಬುದೂ ಮುಖ್ಯ. ಮೇಲಿನ ಕುಟುಂಬದ ದಿನಕ್ಕೆ ಎಂಟು ಕಿಲೋಮೀಟರ್ ಓಡಾಟ ಡೀಸೆಲ್ ಕಾರಿಗೆ ಒಗ್ಗುವಂಥದಲ್ಲ.

ದೆಹಲಿ ನಿವಾಸಿಗಳಿಗೆ

ರಾಷ್ಟ್ರ ರಾಜಧಾನಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ಸಂಚರಿಸಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಡೀಸೆಲಿಗೆ ಹತ್ತು, ಪೆಟ್ರೋಲಿಗೆ ಹದಿನೈದು ವರ್ಷಗಳ ಮಿತಿಯನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ, ವಯಸ್ಸೊಂದರ ಕಾರಣದಿಂದ ಮಾಲೀಕರ ಮೇಲೆ ಬಲವಂತದ ಕ್ರಮ ಕೈಗೊಳ್ಳಬಾರದೆಂದು ಅದೇ ನ್ಯಾಯಾಲಯ ಹೇಳಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಭಾರತ್ ಸ್ಟೇಜ್ 4 ಮತ್ತು ಅದಕ್ಕೂ ಮೇಲಿನ ವಾಹನಗಳಿಗೆ ಸೀಮಿತಗೊಳಿಸಿತು. ಹೀಗೆ ಬದಲಾಗುತ್ತಿರುವ ನಿಯಮದ ಮೇಲೆ ಹದಿನೈದು ವರ್ಷಗಳ ಯೋಜನೆ ಹಾಕುವುದು ವಿವೇಕವೆನಿಸದು. ಚಳಿಗಾಲದಲ್ಲಿ ಗಾಳಿ ತೀರ ಕೆಟ್ಟಾಗ ವಿಧಿಸುವ ನಿರ್ಬಂಧಗಳೂ ಹಳೆಯ ಮಾನಕದ ಡೀಸೆಲ್ ಕಾರುಗಳನ್ನೇ ಮೊದಲು ತಟ್ಟುತ್ತವೆ.

ದೆಹಲಿಯಲ್ಲಿ ಅಗ್ಗವಾಗಿ ದೊರೆಯುವ ಹಳೆಯ ಡೀಸೆಲ್ ಕಾರನ್ನು ಕೊಂಡು, ನಿವೃತ್ತಿಯ ತರುವಾಯ ಮೈಸೂರಿಗೋ ಮಂಗಳೂರಿಗೋ ಒಯ್ಯುವ ಆಲೋಚನೆಯುಳ್ಳವರು ಮತ್ತೊಂದು ಖರ್ಚನ್ನು ನೆನೆಯಬೇಕು. ವಾಹನವನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಅಲ್ಲಿ ಹೊಸದಾಗಿ ನೋಂದಣಿ ಮಾಡಿಸಿ ತೆರಿಗೆ ತೆರಬೇಕು. ಮೊದಲಿನ ರಾಜ್ಯದಿಂದ ನಿರಾಕ್ಷೇಪಣಾ ಪತ್ರವೂ ಬೇಕು. ಹೊಸ ಕಾರು ಕೊಳ್ಳುವ, ವರ್ಗಾವಣೆಗೊಳಗಾಗುವ ಕೇಂದ್ರ ಸರ್ಕಾರಿ ನೌಕರರಿಗೆ 2021ರಿಂದ ಬಿ.ಎಚ್. ಶ್ರೇಣಿಯ ನೋಂದಣಿಯ ಅನುಕೂಲವಿದೆ. ಅದರ ತೆರಿಗೆಯನ್ನು ಎರಡೆರಡು ವರ್ಷಗಳಿಗೆ ಕಟ್ಟಬಹುದು. ಅಲ್ಲಿಯೂ ಡೀಸೆಲ್ ಕಾರಿಗೆ ಶೇಕಡಾ 2ರಷ್ಟು ಅಧಿಕ.

ಕಡೆಯದಾಗಿ, ಬಾಡಿಗೆ ಚಾಲಕರನ್ನು ಇಟ್ಟುಕೊಂಡವರೂ ಬಂಧುಗಳ ಕಾರನ್ನು ಒಯ್ಯುವವರೂ ಮರೆಯಬಾರದ ಮಾತೊಂದಿದೆ. ಪೆಟ್ರೋಲ್ ಬಂಕಿನಲ್ಲಿ ಡೀಸೆಲ್ ಕಾರಿಗೆ ಪೆಟ್ರೋಲ್ ತುಂಬಿದ್ದು ಕಂಡುಬಂದರೆ ಕೀಲಿಯನ್ನು ತಿರುಗಿಸಲೇಬಾರದು. ಡೀಸೆಲಿನ ಪಂಪು ಆ ಇಂಧನದಿಂದಲೇ ಜಿಡ್ಡು ಪಡೆಯುತ್ತದೆ. ಪೆಟ್ರೋಲಿಗೆ ಆ ಗುಣವಿಲ್ಲ. ಕಾರನ್ನು ಪಕ್ಕಕ್ಕೆ ತಳ್ಳಿ, ಮೆಕ್ಯಾನಿಕನನ್ನು ಕರೆಸಿ, ಟ್ಯಾಂಕನ್ನು ಪೂರ್ತಿಯಾಗಿ ಬರಿದು ಮಾಡಿಸಿದ ಮೇಲೆಯೇ ಎಂಜಿನ್ ಚಾಲೂ ಮಾಡತಕ್ಕದ್ದು.