ಲಕ್ಷದ್ವೀಪಗಳಿಗೆ ಪ್ರಯಾಣವು

ನಮ್ಮ ಕರಾವಳಿಯ ಮಳಲಿನಲ್ಲಿ ನಿಂತು ಪಡುವಣಕ್ಕೆ ನೋಡಿದರೆ ನೀರಲ್ಲದೆ ಬೇರೇನೂ ಕಾಣದು. ಆದರೂ ಆ ನೀರಿನಾಚೆ ನಮ್ಮ ನೆರೆಯವರು ವಾಸಿಸುತ್ತಿರುವರೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ನೆನಪಿನಲ್ಲಿಟ್ಟಿರುವೆವು? ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ದ್ವೀಪಗಳು 1956ನೆಯ ಇಸವಿಯ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯ ಜನರು ತೆಂಗಿನ ನಾರಿನ ಹುರಿಯನ್ನು ಓಡಗಳಲ್ಲಿ ತುಂಬಿ, ಗಾಳಿಯನ್ನೇ ನಂಬಿ ಮಂಗಳೂರಿನ ದಕ್ಕೆಗೆ ತಂದು, ಪ್ರತಿಯಾಗಿ ಅಕ್ಕಿಯನ್ನು ಒಯ್ಯುತ್ತಿದ್ದರು. ಆ ವರುಷದ ನವೆಂಬರ 1ರಂದು ಇವು ಕೇಂದ್ರಾಡಳಿತಕ್ಕೆ ಒಳಪಟ್ಟವು. 1973ರಲ್ಲಿ ಸಮೂಹಕ್ಕೆಲ್ಲ ಲಕ್ಷದ್ವೀಪವೆಂಬ ಹೆಸರಾಯಿತು. ಹೆಸರು ಲಕ್ಷವಾದರೂ ಲೆಕ್ಕಕ್ಕೆ ಬಂದವು 36, ಜನವಸತಿಯುಳ್ಳವು ಹತ್ತೇ. ಎಲ್ಲವನ್ನೂ ಕೂಡಿಸಿದರೆ ಭೂಮಿಯು 32 ಚದರ ಕಿಲೋಮೀಟರು ಮಾತ್ರ.

ಈಗ ಅಲ್ಲಿಗೆ ಹೋಗತಕ್ಕವರು ಕೊಚ್ಚಿಯಿಂದ ಹೊರಡುವರು. ಹೊರಗಿನವರಿಗೆ ಸರಕಾರದ ಅಪ್ಪಣೆಪತ್ರವು ಬೇಕು. ಹಡಗಿನಲ್ಲಾದರೆ, ದ್ವೀಪದ ದೂರವನ್ನನುಸರಿಸಿ, 14ರಿಂದ 18 ತಾಸುಗಳ ಪಯಣ. 1988ರಲ್ಲಿ ಅಗತ್ತಿ ದ್ವೀಪದಲ್ಲಿ ವಿಮಾನನಿಲ್ದಾಣವು ತೆರೆಯಲ್ಪಟ್ಟಿತು. ಅದರ ಓಡುದಾರಿಯು ಸುಮಾರು 1200 ಮೀಟರು ಮಾತ್ರ ಉದ್ದವಾದುದರಿಂದ ಚಿಕ್ಕ ವಿಮಾನಗಳೇ ಇಳಿಯಬಲ್ಲವು. ಇಳಿಯುವಾಗ ಎರಡೂ ಕಡೆಗಳಲ್ಲಿ ಕಡಲೇ ಕಾಣುವುದು.

ಹಡಗು ಹಲವು ದ್ವೀಪಗಳಲ್ಲಿ ದಡಕ್ಕೆ ತಾಗದು, ಹೊರಗೆ ನಿಲ್ಲುವುದು. ಪ್ರಯಾಣಿಕರು ಸಣ್ಣ ದೋಣಿಗಳಿಗೆ ಇಳಿದು ದಡ ಸೇರಬೇಕು. ಇದಕ್ಕೆ ಕಾರಣವೇನು? ಈ ದ್ವೀಪಗಳು ಮುಳುಗಿದ ಪರ್ವತಗಳ ಶಿಖರಗಳ ಮೇಲೆ ಹವಳದ ಸೂಕ್ಷ್ಮಜೀವಿಗಳು ಕಟ್ಟಿದ ಸುಣ್ಣದ ಕಟ್ಟಡಗಳು. ಬೆಟ್ಟವು ಮೆಲ್ಲನೆ ಕುಸಿಯುತ್ತಿರಲು ಹವಳವು ಬೆಳಕಿಗಾಗಿ ಮೇಲಕ್ಕೆ ಬೆಳೆಯುವುದೆಂದು ಚಾರ್ಲ್ಸ್ ಡಾರ್ವಿನನು 1842ರಲ್ಲಿ ವಿವರಿಸಿದನು. ಸಾಮಾನ್ಯವಾಗಿ ನೆಲವು ಮೂಡಣಕ್ಕೂ ಹವಳದ ದಿಬ್ಬವು ಪಡುವಣಕ್ಕೂ ಇದ್ದು, ನಡುವೆ ತಿಳಿನೀರಿನ ಕೊಳವಿರುವುದು. ನೈಋತ್ಯದ ಮಳೆಗಾಲದ ಹೆದ್ದೆರೆಗಳು ಆ ದಿಬ್ಬಕ್ಕೆ ಬಡಿದು ಅಲ್ಲಿಯೇ ಮುರಿಯುವವು. ಹಡಗನ್ನು ತಡೆಯುವ ಗೋಡೆಯೇ ಊರನ್ನು ಕಾಯುವ ಗೋಡೆಯೂ ಆಗಿರುವುದು.

ಆದಕಾರಣ ಈ ಗೋಡೆಯ ಕ್ಷೇಮವು ದ್ವೀಪವಾಸಿಗಳ ಕ್ಷೇಮವು. ಕಡಲನೀರು ಮಿತಿಮೀರಿ ಬಿಸಿಯಾದಾಗ ಹವಳವು ಬೆಳ್ಳಗಾಗಿ ಸಾಯುವುದು. 1998, 2010, 2016ನೆಯ ಇಸವಿಗಳಲ್ಲಿ ಇಲ್ಲಿ ಹೀಗಾಯಿತು. ಬಂಗಾರಂ ಬಳಿಯ ಪರಳಿ ಎಂಬ ನಿರ್ಜನ ಕಿರುದ್ವೀಪವೊಂದು ಕೊರೆದು ಹೋಗಿ ಅಡಗಿತೆಂದು 2017ರಲ್ಲಿ ಪ್ರಕಟವಾಯಿತು. ಕುಡಿಯುವ ನೀರಿನ ಸಂಗತಿಯೂ ಅಷ್ಟೇ ನಾಜೂಕಾದುದು. ಇಲ್ಲಿ ಹೊಳೆಯಿಲ್ಲ. ಮಳೆಯ ಸಿಹಿನೀರು ಮಳಲಿನೊಳಗೆ ಇಳಿದು, ಹಗುರವಾದುದರಿಂದ ಉಪ್ಪುನೀರಿನ ಮೇಲೆ ತೇಲುತ್ತಿರುವುದು. ಹೆಚ್ಚಾಗಿ ಸೇದಿದರೆ ಬಾವಿಯು ಉಪ್ಪಾಗುವುದು. 2005ರಲ್ಲಿ ಕವರತ್ತಿಯಲ್ಲಿ ಕಡಲನೀರನ್ನು ಸಿಹಿಮಾಡುವ ಯಂತ್ರಾಗಾರವು ಸ್ಥಾಪಿತವಾಯಿತು.

ತಾಯಂದಿರೇ, ನಿಮ್ಮ ಮಕ್ಕಳು ಭೂಪಟದಲ್ಲಿ ಈ ಚುಕ್ಕೆಗಳನ್ನು ತೋರಿಸಿ ಕೇಳಿದರೆ, ಅವು ವಿಹಾರದ ಸ್ಥಳಗಳೆಂದಷ್ಟೇ ಹೇಳಿ ಮುಗಿಸಬೇಡಿರಿ. ಮಳೆಗಾಲದಲ್ಲಿ ಕಡಲು ಕೆರಳಿದಾಗ ಸಣ್ಣ ದೋಣಿಗಳು ನಿಲ್ಲುವುವೆಂದೂ, ಕಠಿನ ರೋಗಿಯನ್ನು ಹೆಲಿಕಾಪ್ಟರಿನಲ್ಲಿ ಒಯ್ಯಬೇಕಾಗುವುದೆಂದೂ ತಿಳಿಸಿರಿ. ಅಲ್ಲಿಗೆ ಹೋಗುವ ಭಾಗ್ಯವುಂಟಾದರೆ ಹವಳದ ಒಂದು ತುಂಡನ್ನಾದರೂ ಮುರಿದು ತರಬಾರದು. ಕಾಯಿದೆಯು ಅದನ್ನು ನಿಷೇಧಿಸಿದೆ. ಅನ್ಯರ ಮನೆಯ ಗೋಡೆಯಿಂದ ಕಲ್ಲನ್ನು ಕಿತ್ತು ನೆನಪಿಗೆಂದು ತರುವವರು ಉಂಟೇ?